ಅಪ್‌ಡೇಟ್: ಓಎಸ್‌ಟಿಕೆಟ್ ಬ್ಯಾಕಪ್ ಆಫೀಸಿನಲ್ಲೇ ರಿಸ್ಟೋರ್ ಆಯ್ತು

ಪೀಣ್ಯದ ನಮ್ಮ ಆಫೀಸಿನ ಓಎಸ್‌ಟಿಕೆಟ್ (ಗ್ರಾಹಕರ ದೂರುಗಳನ್ನು ಟಿಕೆಟ್‌ಗಳಾಗಿ ನಿರ್ವಹಿಸುವ ಸಾಫ್ಟ್‌ವೇರ್) ಬ್ಯಾಕಪ್ಪನ್ನು ಇಲ್ಲೇ ಇನ್ನೊಂದು ಮಶೀನಿನಲ್ಲಿ ರಿಸ್ಟೋರ್ ಮಾಡೋದು ಹೇಗೆ ಅಂತ ಕೇಳಿದ್ದೆ. ಕೆಲಸ ಆಯ್ತು. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಮೈಎಸ್‌ಕ್ಯುಎಲ್ ಡಂಪ್ (ಡೇಟಾಬೇಸಿನ ಪೂರ್ತಿ ಕಾಪಿ ಇರುವ ಫೈಲ್) ಸುಲಭವಾಗಿ ಬಂತು. ನಮ್ಮಲ್ಲಿ ಅಟ್ಯಾಚ್‌ಮೆಂಟ್‌ಗಳೂ ಡೇಟಾಬೇಸಿನಲ್ಲೇ ಇವೆ, ಹಾಗಾಗಿ ಫೈಲ್ ದೊಡ್ಡದು. ಪ್ಲಗಿನ್ ಹಾಕಿ ಅವನ್ನು ಫೋಲ್ಡರಿನಲ್ಲಿ ಇಡುವವರು ಆ ಫೋಲ್ಡರನ್ನೂ ಕಾಪಿ ಮಾಡಬೇಕು.

ಎಲ್ಲಕ್ಕಿಂತ ಮುಖ್ಯ ಕಾನ್ಫಿಗ್ ಫೈಲ್, ಅಂದ್ರೆ ಓಎಸ್‌ಟಿಕೆಟ್‌ನ ಸೆಟ್ಟಿಂಗ್‌ಗಳಿರುವ ಫೈಲ್. ಅದರಲ್ಲಿ 'ಸೀಕ್ರೆಟ್ ಸಾಲ್ಟ್' (ಪಾಸ್‌ವರ್ಡ್‌ಗಳನ್ನು ಗುಪ್ತವಾಗಿಡಲು ಬಳಸುವ ಕೀಲಿ) ಅಂತ ಒಂದು ಸಾಲು ಇದೆ ಅಲ್ವಾ, ಅದು ಹಳೆಯದೇ ಇರಬೇಕು. ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಬೇರೆ ಸಾಲ್ಟ್ ಬರುತ್ತೆ. ಆಗ ಟಿಕೆಟ್‌ಗಳೆಲ್ಲ ಕಾಣಿಸುತ್ತವೆ, ಆದರೆ ಸೇವ್ ಆಗಿದ್ದ ಇಮೇಲ್ ಪಾಸ್‌ವರ್ಡ್‌ಗಳು ಕೆಲಸಕ್ಕೆ ಬರಲ್ಲ. ನಾನು ಹಳೇ ಫೈಲನ್ನೇ ಇಟ್ಟು, ಡೇಟಾಬೇಸಿನ ಹೆಸರು, ಪಾಸ್‌ವರ್ಡ್ ಮಾತ್ರ ಬದಲಿಸಿದೆ.

ಟೆಸ್ಟ್ ಮಶೀನಿನ ನೆಟ್ ಕೇಬಲ್ ಮೊದಲೇ ಕಿತ್ತಿಟ್ಟಿದ್ದೆ. ಇಲ್ಲದಿದ್ದರೆ ಈ ಕಾಪಿಯೂ ಅದೇ ಮೇಲ್‌ಬಾಕ್ಸಿಗೆ ಕೈ ಹಾಕಿ ಗ್ರಾಹಕರ ಮೇಲ್ ಎಳೆದುಕೊಳ್ಳುತ್ತೆ. ಅದು ಆಗಲೇಬಾರದು. ಅಡ್ಮಿನ್ ಪ್ಯಾನೆಲ್‌ನಲ್ಲಿ ಇಮೇಲ್ ಫೆಚಿಂಗ್ ಆಫ್ ಮಾಡಿದ ಮೇಲೇ ಕೇಬಲ್ ಹಾಕಿದೆ.

ಹಳೇ ಟಿಕೆಟ್‌ನಲ್ಲಿದ್ದ ಕನ್ನಡದ ದೂರು ಒತ್ತಕ್ಷರ ಸಮೇತ ಸರಿಯಾಗಿದೆ, ಜೊತೆಗಿದ್ದ ಪಿಡಿಎಫ್ ಕೂಡ ತೆರೆಯಿತು. ರಾತ್ರಿಯ ಡಂಪನ್ನು ಕ್ರಾನ್‌ಗೆ (ಹೇಳಿದ ಸಮಯಕ್ಕೆ ಕೆಲಸವನ್ನು ತಾನಾಗೇ ನಡೆಸುವ ವ್ಯವಸ್ಥೆ) ಹಾಕೋದು ಬಾಕಿ ಇದೆ.