ಮನೆಯ ಇವಿ ಚಾರ್ಜರ್‌ಗೆ ಬೇಕಾದ್ದು ಅನುಮತಿಯೋ, ಮಂಜೂರಾತಿಯೋ, ಪರವಾನಗಿಯೋ?

ಮಾನ್ಯರೆ,

ಮನೆಯಲ್ಲಿ ಎಲೆಕ್ಟ್ರಿಕ್ ಕಾರಿನ ಚಾರ್ಜರ್ ಹಾಕಿಸುವವರಿಗಾಗಿ ಒಂದು ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ‘ಪರ್ಮಿಷನ್’ ಇದ್ದ ಕಡೆಯೆಲ್ಲ ಕರಡಿನಲ್ಲಿ ‘ಪರವಾನಗಿ’ ಎಂದಿದೆ: ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಪರವಾನಗಿ, ಅಪಾರ್ಟ್‌ಮೆಂಟ್ ಸಂಘದ ಪರವಾನಗಿ, ಮನೆ ಮಾಲೀಕರ ಪರವಾನಗಿ. ಓದುವಾಗ ಒಗ್ಗುತ್ತಿಲ್ಲ. ಎಲ್ಲವನ್ನೂ ‘ಅನುಮತಿ’ ಎಂದು ತಿದ್ದಿದರೆ ಸಾಕೆ? ‘ಸ್ಯಾಂಕ್ಷನ್ಡ್ ಲೋಡ್’ಗೆ (ಮನೆ ಎಳೆಯಬಹುದಾದ ವಿದ್ಯುತ್ತಿನ ಮಿತಿ) ‘ಅನುಮತಿಸಿದ ಭಾರ’ ನಡೆಯುತ್ತದೆಯೆ?

*

ಎಲ್ಲ ಕಡೆ ‘ಅನುಮತಿ’ ಹಾಕಿದರೆ ವಾಕ್ಯಗಳೇನೋ ನಯವಾಗುತ್ತವೆ. ಆದರೆ ಯಾರ ಬಳಿ ಹೋಗಿ ಯಾವ ಕಾಗದ ಕೇಳಬೇಕು ಅನ್ನೋದು ಓದಿದವರಿಗೆ ಗೊತ್ತಾಗುವುದಿಲ್ಲ.

ಪರವಾನಗಿಗೆ ಪಾರಸಿ ಮೂಲದಲ್ಲಿ ಅಪ್ಪಣೆ ಎಂದೇ ಅರ್ಥ. ಈಗಿನ ಬಳಕೆಯಲ್ಲಿ ಅದು ಲೈಸೆನ್ಸ್‌ಗೇ ನಿಂತಿದೆ: ಅಂಗಡಿ, ಬಂದೂಕು, ಗುತ್ತಿಗೆ, ಹೀಗೆ ಅವಧಿ ಮುಗಿದ ಮೇಲೆ ನವೀಕರಿಸಬೇಕಾದಂಥವಕ್ಕೆ. ಮನೆಯ ಚಾರ್ಜರ್‌ಗೆ ಅಂಥದ್ದು ಬೇಕಿಲ್ಲ. ವಾಹನದ ಬ್ಯಾಟರಿ ಚಾರ್ಜ್ ಮಾಡುವುದು ಸೇವೆಯೇ ಹೊರತು ವಿದ್ಯುತ್ ಮಾರಾಟವಲ್ಲ, ಆದ್ದರಿಂದ 2003ರ ವಿದ್ಯುತ್ ಕಾಯ್ದೆಯಡಿ ಲೈಸೆನ್ಸ್ ಬೇಡ ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2018ರ ಏಪ್ರಿಲ್‌ನಲ್ಲೇ ಸ್ಪಷ್ಟಪಡಿಸಿದೆ. ಸಾರ್ವಜನಿಕ ಚಾರ್ಜಿಂಗ್ ನಿಲ್ದಾಣಕ್ಕೇ ಬೇಡವಾದದ್ದು ಮನೆಗೆ ಯಾಕೆ? ಮನೆಯಲ್ಲಿ ಈಗಿರುವ ಸಂಪರ್ಕದಿಂದಲೇ ಚಾರ್ಜ್ ಮಾಡಿಕೊಳ್ಳಬಹುದೆಂದು 2022ರ ಜನವರಿಯ ಮಾರ್ಗಸೂಚಿಯೂ ಹೇಳಿತ್ತು. ಕೈಪಿಡಿಯಲ್ಲಿ ಈ ಪದ ಒಂದೇ ಕಡೆ ಉಳಿಯಲಿ: ‘ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದಲೇ ಕೆಲಸ ಮಾಡಿಸಿ.’

ಎಸ್ಕಾಂ ವಿಷಯಕ್ಕೆ ‘ಮಂಜೂರಾತಿ’ ಸರಿ. ಸಾಲ, ರಜೆ, ಅನುದಾನ ಮಂಜೂರಾಗುವ ಹಾಗೆ ಲೋಡೂ ಇಷ್ಟು ಎಂದು ಮಂಜೂರಾಗುತ್ತದೆ. ಪ್ರಶ್ನೆ ಇರುವುದು ಚಾರ್ಜರ್ ಹಾಕಬಹುದೇ ಎಂಬುದರಲ್ಲಲ್ಲ, ಎಷ್ಟು ಕಿಲೋವ್ಯಾಟ್ ಎಂಬುದರಲ್ಲಿ. 3 ಕಿಲೋವ್ಯಾಟ್ ಮಂಜೂರಾದ ಮನೆಯಲ್ಲಿ 230 ವೋಲ್ಟ್, 32 ಆಂಪಿಯರ್ ಚಾರ್ಜರ್ ಹಾಕಿದರೆ ಅದೊಂದೇ ಸುಮಾರು 7.4 ಕಿಲೋವ್ಯಾಟ್ ಎಳೆಯುತ್ತದೆ, ಅದೂ ಗಂಟೆಗಟ್ಟಲೆ. ಆಗ ಕೇಳಬೇಕಾದ್ದು ‘ಹೆಚ್ಚುವರಿ ಲೋಡ್ ಮಂಜೂರಾತಿ’. 16 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸುವ 3.3 ಕಿಲೋವ್ಯಾಟ್ ಚಾರ್ಜರ್‌ಗೂ ಮನೆಯ ಉಳಿದ ಬಳಕೆ ಸೇರಿಸಿ ಲೆಕ್ಕ ನೋಡಲೇಬೇಕು. ‘ಭಾರ’ ಬೇಡ, ಅದು ತೂಕದ ಮಾತು. ‘ಹೊರೆ’ ಅಂದರೂ ತಪ್ಪಿಲ್ಲ, ಆದರೆ ಲೈನ್‌ಮನ್‌ನಿಂದ ಗ್ರಾಹಕರವರೆಗೆ ಎಲ್ಲರ ಬಾಯಲ್ಲೂ ಇರುವುದು ಲೋಡ್. ‘ಮಂಜೂರಾದ ಲೋಡ್’ ಎಂದೇ ಬರೆಯಿರಿ.

ನೀವು ಕೇಳದ ಒಂದು ಗೊಂದಲ ಇದಕ್ಕಿಂತ ದೊಡ್ಡದು. ಇಂಥ ಕೈಪಿಡಿಗಳಲ್ಲಿ ‘ಸಪರೇಟ್ ಕನೆಕ್ಷನ್’, ‘ಡೆಡಿಕೇಟೆಡ್ ಸರ್ಕ್ಯೂಟ್’ ಎರಡೂ ‘ಪ್ರತ್ಯೇಕ ಸಂಪರ್ಕ’ ಆಗಿಬಿಡುತ್ತವೆ. ಮೊದಲನೆಯದು ಬೇರೆ ಮೀಟರ್. ಇವಿ ಚಾರ್ಜಿಂಗ್‌ಗೆಂದೇ ಅದನ್ನು ಕೇಳುವ ಹಕ್ಕನ್ನು ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರ ಫೆಬ್ರವರಿಯಲ್ಲಿ ಆದ ತಿದ್ದುಪಡಿ ಕೊಟ್ಟಿದೆ. ಎರಡನೆಯದು ಅದೇ ಮೀಟರಿನ ಕೆಳಗೆ ಡಿಸ್ಟ್ರಿಬ್ಯೂಷನ್ ಬೋರ್ಡಿನಿಂದ ಚಾರ್ಜರ್‌ಗೊಂದೇ ಎಳೆದ ಲೈನ್. 32 ಆಂಪಿಯರ್‌ಗೆ ಸಾಮಾನ್ಯವಾಗಿ 6 ಚದರ ಮಿಲಿಮೀಟರ್ ತಾಮ್ರದ ಕೇಬಲ್, ದೂರ ಹೆಚ್ಚಾದರೆ 10. ಜೊತೆಗೆ 40 ಆಂಪಿಯರ್ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಟ್ರಿಪ್ ಆಗಿ ಲೈನ್ ಕಡಿಯುವ ಸ್ವಿಚ್. 32ರದ್ದೇ ಎಂಸಿಬಿ ಹಾಕಿದರೆ ಗಂಟೆಗಟ್ಟಲೆ ಪೂರ್ತಿ ಲೋಡ್ ಹರಿದು, ಬಿಸಿಯಾಗಿ ಟ್ರಿಪ್ ಆಗಬಹುದು. ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ, ಡಿಸಿ (ನೇರ ವಿದ್ಯುತ್) ಸೋರಿಕೆಯನ್ನೂ ಗುರುತಿಸುವ ಟೈಪ್ ಬಿ ಇರಬೇಕು, ಇಲ್ಲವೇ 6 ಮಿಲಿಆಂಪಿಯರ್ ಡಿಸಿ ಸೋರಿಕೆಯನ್ನು ಚಾರ್ಜರೇ ಗುರುತಿಸುವಂತಿದ್ದರೆ ಟೈಪ್ ಎ ಸಾಕು. ಹಳೆಯ ಎಸಿ ಟೈಪ್ ಆರ್‌ಸಿಸಿಬಿ ಡಿಸಿ ಸೋರಿಕೆ ಸೇರಿದಾಗ ಟ್ರಿಪ್ ಆಗದೆ ಉಳಿಯಬಹುದು. ಇದಕ್ಕೆಲ್ಲ ‘ಪ್ರತ್ಯೇಕ ಸಂಪರ್ಕ’ ಎಂದು ಬರೆದರೆ, ಲೈನ್ ಎಳೆಸಬೇಕಾದವರು ಹೊಸ ಮೀಟರಿಗೆ ಅರ್ಜಿ ಹಾಕಿ ಕೂರುತ್ತಾರೆ. ‘ಪ್ರತ್ಯೇಕ ಸರ್ಕ್ಯೂಟ್’ ಅನ್ನಿ.

ಅಪಾರ್ಟ್‌ಮೆಂಟ್ ಸಂಘದಿಂದ ಬೇಕಾದ್ದು ‘ನಿರಾಕ್ಷೇಪಣಾ ಪತ್ರ’. ಮೀಟರ್ ಕೋಣೆಯಿಂದ ನಿಮ್ಮ ಪಾರ್ಕಿಂಗ್ ಜಾಗದವರೆಗೆ ಕೇಬಲ್ ಹೋಗುವುದು ಎಲ್ಲರಿಗೂ ಸೇರಿದ ಗೋಡೆ, ಚಾವಣಿಯ ಮೇಲೆ; ಅದಕ್ಕೆ ತಕರಾರಿಲ್ಲ ಎಂಬುದಷ್ಟೇ ಆ ಪತ್ರದ ಮಾತು. ಕೇಬಲ್ ಹೋಗುವ ದಾರಿ, ಮೀಟರ್ ಸಂಖ್ಯೆ, ಚಾರ್ಜರ್‌ನ ಕಿಲೋವ್ಯಾಟ್ ಅದರಲ್ಲಿ ನಮೂದಾಗಿರಲಿ. ಮಾಲೀಕರದು ‘ಒಪ್ಪಿಗೆ’, ಬರಹದಲ್ಲಿದ್ದರೆ ‘ಲಿಖಿತ ಒಪ್ಪಿಗೆ’.

*

ಇದಕ್ಕೊಂದು ಸೇರ್ಪಡೆ. ಯುರೋಪಿನ ಚಾರ್ಜರ್‌ಗಳ ಕೈಪಿಡಿಗಳಲ್ಲಿ ‘ನೋಟಿಫೈ’ ಎಂದೂ ಇರುತ್ತದೆ. ಅದು ಅನುಮತಿಯೂ ಅಲ್ಲ, ಮಂಜೂರಾತಿಯೂ ಅಲ್ಲ. ಜರ್ಮನಿಯಲ್ಲಿ ಮನೆಯ ಚಾರ್ಜರ್ ಹಾಕಿಸುವವರು ವಿದ್ಯುತ್ ಜಾಲದ ಕಂಪನಿಗೆ ಮೊದಲೇ ತಿಳಿಸಬೇಕು, ಅಷ್ಟೆ. 12 ಕೆವಿಎ (ಹೆಚ್ಚುಕಡಿಮೆ 12 ಕಿಲೋವ್ಯಾಟ್) ಮೀರಿದರೆ ಮಾತ್ರ ಕಂಪನಿ ಒಪ್ಪುವವರೆಗೆ ಕಾಯಬೇಕು. ಹಾಗಾಗಿ ಅಲ್ಲಿ 11 ಕಿಲೋವ್ಯಾಟ್ ಚಾರ್ಜರ್‌ಗೆ ‘ತಿಳಿಸಿ’, 22 ಕಿಲೋವ್ಯಾಟಿನದಕ್ಕೆ ‘ಒಪ್ಪಿಗೆ ಪಡೆಯಿರಿ’. ನಿಮ್ಮ ಮೂಲದಲ್ಲಿ ಇಂಥ ಸಾಲುಗಳಿದ್ದರೆ ಕನ್ನಡಿಸುವ ಮೊದಲು ಅವು ಇಲ್ಲಿನ ಗ್ರಾಹಕರಿಗೆ ಅನ್ವಯಿಸುತ್ತವೆಯೇ ನೋಡಿ. ಇಲ್ಲವಾದರೆ ಆ ಭಾಗವನ್ನೇ ಬಿಡಿ.