ಸಹಾಯ ಬೇಕು: ಪುಣೆಯಲ್ಲಿ ಕನ್ನಡ ಬಲ್ಲ ಮನೋವೈದ್ಯರು ಇದ್ದಾರಾ?

ನಮಸ್ಕಾರ, ನಾವಿರುವುದು ಪಿಂಪ್ರಿಯಲ್ಲಿ. ತಮ್ಮನಿಗೆ ಬೈಪೋಲಾರ್ (ಕೆಲವು ಸಮಯ ವಿಪರೀತ ಉತ್ಸಾಹ, ಕೆಲವು ಸಮಯ ತೀರಾ ಕುಗ್ಗಿಹೋಗುವ ಮನಸ್ಸಿನ ಕಾಯಿಲೆ) ಇದೆಯಾ ಅಂತ ಡಾಕ್ಟರ್ ನೋಡುತ್ತಿದ್ದಾರೆ. ಮೊದಲು ಬೇರೆ ಕಡೆ ಬರೀ ಡಿಪ್ರೆಶನ್ ಅಂತ ಮಾತ್ರೆ ಕೊಟ್ಟಿದ್ದರು. ಆಮೇಲೆ ಅವನಿಗೆ ನಿದ್ದೆಯೇ ಬೇಡವಾಯಿತು, ಒಂದೇ ಸಮನೆ ಮಾತು, ಕೈಗೆ ಸಿಕ್ಕ ದುಡ್ಡೆಲ್ಲ ಖರ್ಚು, ಆದರೂ ಸುಸ್ತು ಅನ್ನುವುದೇ ಇರಲಿಲ್ಲ. ಥೈರಾಯ್ಡ್ ರಿಪೋರ್ಟ್ ಸರಿಯಾಗಿದೆ. ಸ್ಕ್ಯಾನ್ ಮಾಡಿ ಈ ಕಾಯಿಲೆ ಹೇಳಲು ಆಗುವುದಿಲ್ಲವಂತೆ, ಮನೆಯವರು ಹೇಳುವ ಹಿಂದಿನ ವಿಷಯವೇ ಮುಖ್ಯವಂತೆ.

ಅದೆಲ್ಲ ಗೊತ್ತಿರುವುದು ಅಮ್ಮನಿಗೆ. ಅವರಿಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ. ನಾನು ಹಿಂದಿಯಲ್ಲಿ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆ, ಅವನ ಎದುರು ಅಮ್ಮ ಬಾಯಿಯೇ ಬಿಡುವುದಿಲ್ಲ ಪಾಪ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಫೋನ್ ಮಾಡಿದೆ, ಧೈರ್ಯ ಹೇಳಿದರು, ಆದರೆ ಪರೀಕ್ಷೆ ಎದುರಿಗೇ ಆಗಬೇಕಲ್ವಾ.

ಪುಣೆಯಲ್ಲಿ ಕನ್ನಡ ಮಾತಾಡುವ ಮನೋವೈದ್ಯರು ಯಾರಾದರೂ ಗೊತ್ತಾ? ಇಲ್ಲದಿದ್ದರೆ ಅಮ್ಮ ಒಬ್ಬರೇ ಡಾಕ್ಟರ್ ಹತ್ತಿರ ಬೇರೆಯಾಗಿ ಮಾತಾಡಲು ಕೇಳಬಹುದಾ?