ಡಾಕ್ಟರ್ ಕೇಳಿದರೆ ಅಪ್ಪ ‘ಚೆನ್ನಾಗಿದ್ದೀನಿ’ ಅನ್ನುತ್ತಾರೆ. ನಿಜ ಸ್ಥಿತಿ ಅಳೆಯೋದು ಹೇಗೆ?

ಕೇಳಿದವರು

ಅಪ್ಪನಿಗೆ 71 ವರ್ಷ. ಹಾರ್ಟ್ ಫೇಲ್ಯೂರ್ ಅಂತ ಗೊತ್ತಾಗಿ ಒಂದು ವರ್ಷವಾಯಿತು. ಎಕೋದಲ್ಲಿ (ಹೃದಯದ ಸ್ಕ್ಯಾನ್) ಇಎಫ್ 30 ಇದ್ದದ್ದು ಈಗ 40. ಎಲ್ಲರಿಗೂ ಖುಷಿ. ಆದರೆ ಮನೆಯಲ್ಲಿ ನೋಡಿದರೆ ಸುಸ್ತು ಜಾಸ್ತಿಯೇ ಆದಂತಿದೆ. ಡಾಕ್ಟರ್ ಮುಂದೆ ಮಾತ್ರ "ಏನೂ ತೊಂದರೆ ಇಲ್ಲ" ಅಂತಾರೆ. ಮುಂದಿನ ತಿಂಗಳು ಚೆಕಪ್ ಇದೆ. ಏನೇನು ಬರೆದುಕೊಂಡು ಹೋಗಲಿ? ಅನುಭವ ಇದ್ದವರು ಹೇಳಿ.

ಅಮ್ಮನನ್ನು ನೋಡಿಕೊಳ್ಳುವ ಮಗಳು

ಇಎಫ್ ಅಂದರೆ ಹೃದಯ ಒಂದು ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರಗೆ ತಳ್ಳುತ್ತದೆ ಅನ್ನುವ ಲೆಕ್ಕ. ಸ್ನಾನ ಮುಗಿಸಿ ಬಂದವರು ಮಂಚದ ಮೇಲೆ ಎಷ್ಟು ಹೊತ್ತು ಸುಧಾರಿಸಿಕೊಳ್ಳಬೇಕು ಅಂತ ಅದು ಹೇಳುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ನೋಡಿ.

ನಮ್ಮಮ್ಮನೂ ಹೀಗೇ. "ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಾ?" ಅಂದರೆ "ಇಲ್ಲಪ್ಪ" ಅಂದರು. ಸುಳ್ಳಲ್ಲ. ಅವರು ಮಹಡಿ ಹತ್ತಿಯೇ ಮೂರು ತಿಂಗಳಾಗಿತ್ತು! ಅವರ ಬಟ್ಟೆ, ಕನ್ನಡಕದ ಡಬ್ಬಿ, ರೇಡಿಯೋ ಒಂದೊಂದಾಗಿ ಕೆಳಗಿಳಿದಿದ್ದವು. ನಮಗೆ ಯಾರಿಗೂ ಹೊಳೆದಿರಲಿಲ್ಲ.

ಆಮೇಲೆ ನರ್ಸ್ ಒಂದು ಫಾರಂ ಕೊಟ್ಟರು. ಕಾನ್ಸಾಸ್ ಸಿಟಿ ಪ್ರಶ್ನಾವಳಿ, ಕೆಸಿಸಿಕ್ಯೂ ಅಂತಾರೆ. ಪೂರ್ತಿ ಫಾರಂನಲ್ಲಿ 23 ಪ್ರಶ್ನೆ, ಚಿಕ್ಕದರಲ್ಲಿ 12. ಕಳೆದ ಎರಡು ವಾರದಲ್ಲಿ ಕಾಲು ಊದಿತ್ತಾ, ಎಷ್ಟು ಸಲ ಸುಸ್ತಾಯಿತು, ಕೂತೇ ನಿದ್ದೆ ಮಾಡಬೇಕಾಯಿತಾ, ಸ್ನಾನಕ್ಕೆ ಎಷ್ಟು ಕಷ್ಟವಾಯಿತು ಅಂತೆಲ್ಲ ಕೇಳುತ್ತದೆ. ಅಂಕ 0ಯಿಂದ 100. ಹೆಚ್ಚಿದ್ದಷ್ಟೂ ಒಳ್ಳೆಯದು. 5 ಅಂಕದ ಏರಿಳಿತವನ್ನೂ ಸುಮ್ನೆ ಬಿಡಬಾರದು ಅಂದರು.

ಇದರಲ್ಲಿ ನಾವು ಒಂದು ಕಡೆ ಎಡವಿದೆವು. ‘ಬೇರೆ ಕಾರಣಕ್ಕೆ ಆಗಲಿಲ್ಲ, ಅಥವಾ ಆ ಕೆಲಸ ಮಾಡಲಿಲ್ಲ’ ಅನ್ನುವ ಒಂದು ಉತ್ತರವೂ ಅಲ್ಲಿದೆ. ಮೆಟ್ಟಿಲಿನ ಪ್ರಶ್ನೆಗೆ ಅಮ್ಮ ಅದಕ್ಕೇ ಟಿಕ್ ಹಾಕಿದರು. ಹಾಗೆ ಹಾಕಿದರೆ ಆ ಪ್ರಶ್ನೆ ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ. ಅಂಕ ಚೆನ್ನಾಗಿ ಬಂತು, ಅಮ್ಮ ಮಾತ್ರ ಹಾಗೇ ಇದ್ದರು. ಉಸಿರಿನ ಭಯಕ್ಕೇ ಬಿಟ್ಟಿದ್ದರೆ ‘ತುಂಬಾ ಕಷ್ಟ’ ಅಂತಲೇ ಹಾಕಬೇಕು. ಮಂಡಿನೋವಿಗೆ ಬಿಟ್ಟಿದ್ದರೆ ಆ ಮಾತು ಬೇರೆ.

ಇನ್ನೊಂದು, ಫಾರಂ ತುಂಬಬೇಕಾದವರು ಅಪ್ಪ, ನೀವಲ್ಲ. ನಾನು ಪೆನ್ನು ಹಿಡಿದಾಗ ನರ್ಸ್ ತಡೆದರು.

ಸ್ವತಃ ಪೇಷೆಂಟ್

ನಾವು ಯಾಕೆ ‘ಚೆನ್ನಾಗಿದ್ದೀನಿ’ ಅಂತೀವಿ ಗೊತ್ತಾ? ಅಡ್ಮಿಟ್ ಮಾಡಿಬಿಡುತ್ತಾರೆ ಅಂತ ಹೆದರಿಕೆ, ಅಷ್ಟೇ.

ನನ್ನ ಫೈಲಿನಲ್ಲಿ ಎರಡು ವರ್ಷದಿಂದ ‘ಎನ್‌ವೈಎಚ್‌ಎ ಕ್ಲಾಸ್ 2’ ಅಂತಲೇ ಇದೆ. ನ್ಯೂಯಾರ್ಕ್ ಹಾರ್ಟ್ ಅಸೋಸಿಯೇಷನ್ನಿನ 1928ರಷ್ಟು ಹಳೇ ಅಳತೆ ಇದು. ಒಂದು ಅಂದರೆ ತೊಂದರೆಯೇ ಇಲ್ಲ, ನಾಲ್ಕು ಅಂದರೆ ಸುಮ್ಮನೆ ಕೂತರೂ ಉಸಿರಿನ ಕಷ್ಟ. ನಡುವೆ ಇರೋದು ಎರಡೇ ಮೆಟ್ಟಿಲು. ಹಾಕುವವರು ಡಾಕ್ಟರ್, ಅದೂ ಎರಡು ನಿಮಿಷದ ಮಾತಿನ ಮೇಲೆ. ಚಪ್ಪಟೆಯಾಗಿ ಮಲಗಿದರೆ ಉಸಿರು ಕಟ್ಟುತ್ತದೆ ಅಂತ ಈ ಎರಡು ವರ್ಷದಲ್ಲಿ ನನ್ನ ದಿಂಬು ಒಂದರಿಂದ ಮೂರಾಯಿತು. ಕ್ಲಾಸ್ ಮಾತ್ರ ಎರಡೇ. ಹಾಗಾಗಿ ದಿಂಬು ಎಣಿಸಿ. ಬಗ್ಗಿದಾಗ ಅರ್ಧ ನಿಮಿಷದೊಳಗೆ ಉಸಿರು ಕಟ್ಟುತ್ತಾ ಅಂತಲೂ ಗಮನಿಸಿ.

ಫಿಸಿಯೋಥೆರಪಿಸ್ಟ್

ಆರು ನಿಮಿಷದ ನಡಿಗೆ ಪರೀಕ್ಷೆ ಮಾಡಿಸಲು ಕೇಳಿ. 30 ಮೀಟರ್ ನೇರ ಕಾರಿಡಾರಿನಲ್ಲಿ ಆಚೆ ಈಚೆ ನಡೆಸುತ್ತೇವೆ. ನಿಂತು ಸುಧಾರಿಸಿಕೊಳ್ಳಬಹುದು, ಆದರೆ ಗಡಿಯಾರ ನಿಲ್ಲುವುದಿಲ್ಲ. ಎಷ್ಟು ಮೀಟರ್ ಆಯಿತು ಅನ್ನುವುದೇ ಫಲಿತಾಂಶ. ಕಳೆದ ಸಲಕ್ಕಿಂತ ಸುಮಾರು 30 ಮೀಟರ್ ಕಡಿಮೆಯಾದರೆ ನಾನು ಡಾಕ್ಟರಿಗೆ ಹೇಳುತ್ತೇನೆ. ಅಪ್ಪ ಒಬ್ಬರೇ ಇದ್ದಾಗ ಮನೆಯಲ್ಲಿ ಇದನ್ನು ಪ್ರಯತ್ನಿಸಬೇಡಿ.

ಇನ್ನೊಬ್ಬರು

ಬೇರೆ ಆಸ್ಪತ್ರೆಗೆ ಹೋದರೆ ಯಾವ ಫಾರಂ ಅಂತ ಮೊದಲು ನೋಡಿ. ಮಿನೆಸೋಟಾ ಅಂತ 21 ಪ್ರಶ್ನೆಯದೊಂದಿದೆ. 0ಯಿಂದ 105, ಅದರಲ್ಲಿ ಹೆಚ್ಚಾದಷ್ಟೂ ಕೆಟ್ಟದ್ದು. ಅಣ್ಣನಿಗೆ ಕೆಸಿಸಿಕ್ಯೂನಲ್ಲಿ 48 ಇತ್ತು, ಇದರಲ್ಲಿ 60 ಬಂತು. ಮನೆಮಂದಿಗೆಲ್ಲ ಫೋನ್ ಮಾಡಿ ಸುಧಾರಿಸಿದ್ದಾನೆ ಅಂದಿದ್ದೆ. ಸಂಜೆ ಮತ್ತೆ ಎಲ್ಲರಿಗೂ ಫೋನ್.

ಮಗಳು (ಮತ್ತೆ)

ಹೇಳೋದು ಮರೆತೆ. ತೂಕ! ದಿನಾ ಬೆಳಿಗ್ಗೆ ಮೂತ್ರ ಮಾಡಿದ ಮೇಲೆ, ಏನೂ ತಿನ್ನುವ ಮೊದಲು, ಒಂದೇ ಯಂತ್ರದ ಮೇಲೆ. ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಹೆಚ್ಚಾಗಿ ನೀರು. ಚೆಕಪ್‌ವರೆಗೆ ಕಾಯಬೇಡಿ, ಅವತ್ತೇ ಫೋನ್ ಮಾಡಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಅಪ್ಪನನ್ನು "ಹೇಗಿದ್ದೀರಿ" ಅಂತ ಕೇಳಲಿಲ್ಲ. "ಈ ಆರು ತಿಂಗಳಲ್ಲಿ ಏನೇನು ಬಿಟ್ಟಿರಿ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಶೂ" ಅಂದರು. ಲೇಸ್ ಕಟ್ಟಲು ಬಗ್ಗಿದರೆ ಉಸಿರು ಹಿಡಿಯುತ್ತದಂತೆ. ಚಪ್ಪಲಿಯೇ ಆರಾಮ ಅಂತ ನಮಗೆಲ್ಲ ಹೇಳಿಕೊಂಡಿದ್ದರು. ಚೆಕಪ್ ಈ ವಾರಕ್ಕೇ ಹಾಕಿಸಿದ್ದೇನೆ.